ಸೊಟ್ಟ ಮುತ್ತು

ಬಾಖ್ ಮತ್ತು ಹ್ಯಾಂಡೆಲರ ಕೃತಿಗಳನ್ನು ಇಂದು 'ಬರೋಕ್ ಸಂಗೀತ'ವೆಂದು ಕರೆಯುವುದು ರೂಢಿ. ಆದರೆ 1750ರಲ್ಲಿ ಕಣ್ಮುಚ್ಚಿದ ಬಾಖನಿಗೆ ತಾನು ಬರೋಕ್ ಸಂಗೀತಗಾರನೆಂಬ ಸಂಗತಿ ಕೊನೆಯವರೆಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಸಂತೋಷಪಡುತ್ತಿದ್ದನೆಂದು ಹೇಳುವಂತೆಯೂ ಇಲ್ಲ. ಆ ಕಾಲದಲ್ಲಿ ಅದು ಬಿರುದಾಗಿರಲಿಲ್ಲ, ಬೈಗುಳವಾಗಿತ್ತು.

ಪೋರ್ಚುಗೀಸ್ ಭಾಷೆಯಲ್ಲಿ 'ಬರೋಕೊ' ಎಂದರೆ ದುಂಡಗಿಲ್ಲದ ಮುತ್ತು, ಸೊಟ್ಟ ಮುತ್ತು. ಬಹುಮಂದಿ ವಿದ್ವಾಂಸರು ಒಪ್ಪಿರುವ ವ್ಯುತ್ಪತ್ತಿ ಇದು. ಮುತ್ತಿನ ವ್ಯಾಪಾರಿಗಳ ಬಾಯಲ್ಲಿದ್ದ ಮಾತು ಫ್ರೆಂಚ್ ಭಾಷೆಯನ್ನು ಹೊಕ್ಕು 'ವಿಲಕ್ಷಣ', 'ವಿಕಾರ' ಎಂಬ ಅರ್ಥವನ್ನು ತಳೆಯಿತು. 1733ರ ಅಕ್ಟೋಬರಿನಲ್ಲಿ, ಐವತ್ತು ವರ್ಷ ತುಂಬಿದ್ದ ರಾಮೋ ಎಂಬ ಸಂಗೀತಗಾರ ಪ್ಯಾರಿಸಿನಲ್ಲಿ ತನ್ನ ಮೊದಲನೆಯ ಆಪೆರಾ 'ಇಪೊಲಿತ್ ಎ ಅರಿಸಿ'ಯನ್ನು ರಂಗಕ್ಕೆ ತಂದ. ಮರುವರ್ಷವೇ 'ಮೆರ್ಕ್ಯೂರ್ ದ ಫ್ರಾನ್ಸ್' ಪತ್ರಿಕೆಯಲ್ಲಿ ಹೆಸರು ಹೇಳಿಕೊಳ್ಳದ ಒಬ್ಬ ಮಹಾಶಯ, ಆ ಸಂಗೀತ 'ಬರೋಕ್' ಎಂದು ಹೀಗಳೆದ. ಸಂಗೀತಕ್ಕೆ ಈ ಪದ ಅಂಟಿಕೊಂಡದ್ದು ಹೀಗೆ. 1768ರಲ್ಲಿ ರೂಸೋ ತನ್ನ ಸಂಗೀತ ನಿಘಂಟಿನಲ್ಲಿ ಬರೋಕ್ ಸಂಗೀತವೆಂದರೆ ಗೊಂದಲಮಯವಾದ, ಒಗ್ಗದ ಸ್ವರಗಳನ್ನು ತುಂಬಿಕೊಂಡ ಸಂಗೀತವೆಂದು ಅರ್ಥ ಬರೆದ. 1919ರಲ್ಲಿ ಜರ್ಮನ್ ವಿದ್ವಾಂಸ ಕುರ್ಟ್ ಜಾಕ್ಸ್, ಚಿತ್ರ ಶಿಲ್ಪಗಳ ಇತಿಹಾಸದಲ್ಲಿ ಆಗಲೇ ಬಳಕೆಗೆ ಬಂದಿದ್ದ ಈ ಪದವನ್ನು ಸಂಗೀತದ ಒಂದು ಯುಗಕ್ಕೆ ಅನ್ವಯಿಸಿದ. ಬೈಗುಳ ಬಿರುದಾಗಲು ಸುಮಾರು ಇನ್ನೂರು ವರ್ಷ ಹಿಡಿಯಿತು.

ಅದಕ್ಕೆ ಹಿಂದಿನ 'ರೆನೆಸಾನ್ಸ್', ಎಂದರೆ ಪುನರ್ಜನ್ಮ, ಎಂಬ ಹೆಸರಾದರೂ ಅಷ್ಟೆ. ಯುಗದ ಹೆಸರಾಗಿ ಅದು ಜನರ ನಾಲಗೆಯ ಮೇಲೆ ನಿಂತದ್ದು 19ನೆಯ ಶತಮಾನದಲ್ಲಿ, ಮಿಷಲೆ, ಬರ್ಕ್‌ಹಾರ್ಟ್ ಮೊದಲಾದ ಇತಿಹಾಸಕಾರರ ಗ್ರಂಥಗಳಿಂದ. ಹುಟ್ಟಿದ ಮಗುವಿಗೆ ಮುಮ್ಮಗನ ಕಾಲದಲ್ಲಿ ನಾಮಕರಣವಾದಂತೆ!

ಹಾಗಾದರೆ ಆ ಕಾಲದ ಸಂಗೀತಗಾರರು ತಮ್ಮ ಕಾಲವನ್ನು ಏನೆಂದು ಕರೆದುಕೊಂಡರು? ಅವರೇ ಸೃಷ್ಟಿಸಿಕೊಂಡ ಎರಡು ಹೆಸರುಗಳಿವೆ: 'ಪ್ರಿಮ ಪ್ರಾಟಿಕ' ಮತ್ತು 'ಸೆಕೊಂಡ ಪ್ರಾಟಿಕ'. ಮೊದಲನೆಯ ಪದ್ಧತಿ, ಎರಡನೆಯ ಪದ್ಧತಿ. ಕೇಳಲು ಸಪ್ಪೆಯಾದ ಈ ಪದಗಳ ಹಿಂದೆ ಒಂದು ದೊಡ್ಡ ಜಗಳವಿದೆ.

ಏಕಕಂಠದ ಗಾನಕ್ಕೂ ತಂಬೂರಿಯ ಶ್ರುತಿಗೂ ಒಗ್ಗಿದ ಕಿವಿಗೆ ಈ ಜಗಳ ಅರ್ಥವಾಗಬೇಕಾದರೆ ಒಂದು ಮಾತನ್ನು ತಿಳಿದಿರಬೇಕು. 16ನೆಯ ಶತಮಾನದ ಯೂರೋಪಿನಲ್ಲಿ ನಾಲ್ಕೈದು ಮಂದಿ ಏಕಕಾಲದಲ್ಲಿ ಬೇರೆ ಬೇರೆ ಸ್ವರಪಂಕ್ತಿಗಳನ್ನು ಹಾಡುತ್ತಿದ್ದರು. ಇದು ಬಹುಕಂಠ ಸಂಗೀತ. ಇಟಲಿಯ ಕವಿಗಳ ಚಿಕ್ಕ ಪ್ರೇಮಗೀತಗಳನ್ನು ಹೀಗೆ ಹಾಡಲು ಅಳವಡಿಸಿದ ಕೃತಿಗೆ 'ಮ್ಯಾಡ್ರಿಗಲ್' ಎಂದು ಹೆಸರು. ಕಂಠಗಳು ಒಟ್ಟಿಗೆ ನಡೆಯುವಾಗ ಒಂದರ ಸ್ವರಕ್ಕೆ ಇನ್ನೊಂದರ ಸ್ವರ ಒಗ್ಗದೆ ಕಟುವಾಗುವ ಘಳಿಗೆಗಳು ಬರುತ್ತವೆ. ಅಂಥ ಕಟುಸ್ವರ ಬರಕೂಡದೆಂದಿಲ್ಲ. ಬಂದರೆ ಹೇಗೆ ಬರಬೇಕೆಂಬುದಕ್ಕೆ ಕಟ್ಟುನಿಟ್ಟಾದ ಶಾಸ್ತ್ರವಿತ್ತು. ಆ ಸ್ವರ ಮೊದಲು ಇಂಪಾದ ಜೊತೆಯಲ್ಲಿ ಕೇಳಿಬಂದು, ಅಲ್ಲಿಯೇ ನಿಂತು ಕಟುವಾಗಿ, ಬಳಿಕ ಒಂದು ಮೆಟ್ಟಿಲು ಇಳಿದು ಮತ್ತೆ ಇಂಪನ್ನು ಸೇರಬೇಕು. ಮನೆಗೆ ಬರುವ ಅತಿಥಿ ಮುಂದಾಗಿ ಕಾಗದ ಬರೆದು ಬರುವಂತೆ. ವೆನಿಸಿನ ಸಾರ್ಲಿನೊ 1558ರಲ್ಲಿ ಪ್ರಕಟಿಸಿದ ಗ್ರಂಥ ಈ ಶಾಸ್ತ್ರಕ್ಕೆ ಪ್ರಮಾಣ.

1598ರ ನವೆಂಬರಿನಲ್ಲಿ ಫೆರಾರ ನಗರದ ಗೊರೆಟ್ಟಿ ಎಂಬಾತನ ಮನೆಯಲ್ಲಿ ಕೆಲವು ಹೊಸ ಮ್ಯಾಡ್ರಿಗಲ್‌ಗಳ ಗಾಯನ ನಡೆಯಿತೆಂದೂ, ಅವುಗಳಲ್ಲಿ ಕಟುಸ್ವರಗಳು ಕಾಗದವಿಲ್ಲದೆಯೇ ಬಾಗಿಲು ತಳ್ಳಿಕೊಂಡು ಬಂದುವೆಂದೂ ಆರ್ಟೂಸಿ ಎಂಬ ಪಾದ್ರಿ 1600ರಲ್ಲಿ ಬರೆದ. ಬೊಲೋನದವನಾದ ಈತ ಸಾರ್ಲಿನೊನ ಶಿಷ್ಯ. ಪುಸ್ತಕದ ಹೆಸರೇ 'ಆಧುನಿಕ ಸಂಗೀತದ ಅಪರಿಪೂರ್ಣತೆಗಳು'. ಇಬ್ಬರು ಪಾತ್ರಗಳ ಸಂವಾದವಾಗಿ ಬರೆದ ಈ ಗ್ರಂಥದಲ್ಲಿ ಆತ ತಪ್ಪುಗಳನ್ನು ಸ್ವರಲಿಪಿ ಸಮೇತ ಎತ್ತಿ ತೋರಿಸಿದ. ತಪ್ಪಿತಸ್ಥನ ಹೆಸರನ್ನು ಮಾತ್ರ ಹೇಳಲಿಲ್ಲ. ಆತ ಮಾಂಟುವಾ ಡ್ಯೂಕನ ಆಸ್ಥಾನದಲ್ಲಿದ್ದ, ಆಗಿನ್ನೂ ಮೂವತ್ಮೂರರ ಆಸುಪಾಸಿನ ಮಾಂಟೆವೆರ್ಡಿ.

ಎತ್ತಿ ತೋರಿಸಿದ ಕೃತಿಗಳಲ್ಲಿ 'ಕ್ರೂಡ ಅಮರಿಲ್ಲಿ' ಒಂದು. ಗ್ವಾರೀನಿ ಕವಿಯ ಗೋಪನಾಟಕದಿಂದ ಆಯ್ದ ಮಾತುಗಳು ಅದರವು. ನಿರ್ದಯಳಾದ ಅಮರಿಲ್ಲಿಯನ್ನು ಕುರಿತು ಪ್ರಣಯಿಯ ಪ್ರಲಾಪ. ಆಕೆಯ ಹೆಸರಿನಲ್ಲಿಯೇ ಇಟಾಲಿಯನ್ ಭಾಷೆಯ 'ಪ್ರೀತಿ'ಯೂ ಅಡಗಿದೆ, 'ಕಹಿ'ಯೂ ಅಡಗಿದೆ. ಕವಿ ಅದರ ಮೇಲೆಯೇ ಶ್ಲೇಷೆ ಕಟ್ಟಿದ್ದಾನೆ. ಪ್ರಣಯಿ 'ಅಯ್ಯೋ' ಎನ್ನುವೆಡೆಯಲ್ಲಿ ಮೇಲಿನ ಕಂಠ ಯಾವ ಸಿದ್ಧತೆಯೂ ಇಲ್ಲದೆ ಮಂದ್ರಕಂಠಕ್ಕೆ ಒಗ್ಗದ ಸ್ವರದಲ್ಲಿ ಚೀರಿ, ಅಲ್ಲಿಂದ ಒಗ್ಗದ ಇನ್ನೊಂದು ಸ್ವರಕ್ಕೆ ಧುಮುಕುತ್ತದೆ. ಆರ್ಟೂಸಿ ದೋಷವೆಂದು ಬೆರಳಿಟ್ಟದ್ದು ಇಲ್ಲಿಯೇ. ಆದರೆ ಆತ ಸ್ವರಗಳನ್ನಷ್ಟೇ ಅಚ್ಚುಮಾಡಿಸಿದ್ದ, ಸಾಹಿತ್ಯವನ್ನು ಬಿಟ್ಟುಬಿಟ್ಟಿದ್ದ! 'ಅಯ್ಯೋ' ಎಂಬ ಮಾತನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಬರಿಯ ತಪ್ಪು. ಶಾಸ್ತ್ರದ ದೃಷ್ಟಿಯಿಂದ ಆರ್ಟೂಸಿಯ ಲೆಕ್ಕ ಸರಿಯಾಗಿಯೇ ಇತ್ತು. ಆತನನ್ನು ಮೂರ್ಖನೆಂದು ತಳ್ಳಿಹಾಕುವುದು ನ್ಯಾಯವಲ್ಲ; ಸಾಲನ್ನು ಓದದೆ ಛಂದಸ್ಸಿನ ಲಘು ಗುರುಗಳನ್ನಷ್ಟೇ ಎಣಿಸುವ ಪಂಡಿತರು ಎಲ್ಲ ದೇಶಗಳಲ್ಲಿಯೂ ಉಂಟು.

ಮಾಂಟೆವೆರ್ಡಿ ಐದು ವರ್ಷ ಸುಮ್ಮನಿದ್ದ. 1605ರಲ್ಲಿ ತನ್ನ ಐದನೆಯ ಮ್ಯಾಡ್ರಿಗಲ್ ಸಂಪುಟವನ್ನು ಹೊರತಂದಾಗ ಅದೇ 'ಕ್ರೂಡ ಅಮರಿಲ್ಲಿ'ಯನ್ನು ಮೊದಲನೆಯ ಕೃತಿಯಾಗಿ ಇರಿಸಿದ. ವಾಚಕರಿಗೆ ಬರೆದ ಪುಟ್ಟ ಮುನ್ನುಡಿಯಲ್ಲಿ, ತಾನು ಮನಬಂದಂತೆ ಬರೆಯುವವನಲ್ಲವೆಂದೂ, 'ಸೆಕೊಂಡ ಪ್ರಾಟಿಕ' ಎಂಬ ಗ್ರಂಥವನ್ನು ಬರೆದು ಉತ್ತರ ಕೊಡುವೆನೆಂದೂ ತಿಳಿಸಿದ. 1607ರಲ್ಲಿ ಆತನ ತಮ್ಮ ಜೂಲಿಯೊ ಚೆಸಾರೆ ಆ ಮುನ್ನುಡಿಗೆ ಭಾಷ್ಯ ಬರೆದು ಎರಡು ಪದ್ಧತಿಗಳ ಭೇದವನ್ನು ವಿವರಿಸಿದ: ಮೊದಲನೆಯದರಲ್ಲಿ ಸ್ವರಮೇಳವೇ ಒಡತಿ, ಸಾಹಿತ್ಯ ದಾಸಿ, ಎರಡನೆಯದರಲ್ಲಿ ಸಾಹಿತ್ಯವೇ ಒಡತಿ. ಹಳೆಯದನ್ನು ಆತ ಹಳಿಯಲಿಲ್ಲ. ಓಕೆಗೆಮ್, ಜೋಸ್ಕಿನ್ ಮೊದಲಾದ ಹಿರಿಯರಿಗೆ ನಮಸ್ಕರಿಸಿಯೇ, ಹೊಸ ದಾರಿಯನ್ನು ಸಿಪ್ರಿಯಾನೊ ದೆ ರೋರೆ ಆಗಲೇ ತೆರೆದಿದ್ದನೆಂದು ಹೇಳಿದ.

ಐದನೆಯ ಸಂಪುಟದಲ್ಲಿ ಇನ್ನೊಂದು ಹೊಸತಿತ್ತು. ಅದರ ಕೊನೆಯ ಆರು ಕೃತಿಗಳನ್ನು 'ಬಾಸೊ ಕಂಟಿನ್ಯುವೊ' ಇಲ್ಲದೆ ಹಾಡುವಂತಿಲ್ಲ. ಎಂದರೆ, ಎಡೆಬಿಡದೆ ಸಾಗುವ ಮಂದ್ರಸ್ವರಗಳ ಪಂಕ್ತಿ. ಅದೊಂದನ್ನೇ ಬರೆದು, ಬೇಕಾದಲ್ಲಿ ಅಂಕಿಗಳನ್ನಿಟ್ಟರೆ ಸಾಕು; ಆರ್ಗನ್ ಅಥವಾ ಹಾರ್ಪ್ಸಿಕಾರ್ಡ್ ನುಡಿಸುವಾತ ಮೇಲಿನ ಸ್ವರಮೇಳವನ್ನು ಸ್ಥಳದಲ್ಲಿಯೇ ತುಂಬಿಕೊಳ್ಳುತ್ತಾನೆ. ಇದಕ್ಕೆ ಪ್ರೇರಣೆಗಳಲ್ಲಿ ಒಂದು ಶುದ್ಧ ಬಡತನ. ಎಂಟು ಕಂಠಗಳ ಕೃತಿಯನ್ನು ಇಬ್ಬರೋ ಮೂವರೋ ಗಾಯಕರು ಹಾಡಿ ಮಾತನ್ನೂ ರಾಗವನ್ನೂ ಕೆಡಿಸುವುದನ್ನು ಕಂಡು ಬೇಸತ್ತ ವಿಯದಾನ ಎಂಬ ಪಾದ್ರಿ, ಒಂದರಿಂದ ನಾಲ್ಕು ಕಂಠ ಮತ್ತು ಒಂದು ಆರ್ಗನ್ ಇದ್ದರೆ ಸಾಲುವಂತಹ ನೂರು ಚರ್ಚ್ ಗೀತಗಳನ್ನು 1602ರಲ್ಲಿ ಅಚ್ಚುಹಾಕಿಸಿದ. ಒಬ್ಬನೇ ನಿಂತು ಮಾತು ಕೇಳುವಂತೆ ಹಾಡಲು ಇದರಿಂದ ಅವಕಾಶವಾಯಿತು. ಬಾಸೊ ಕಂಟಿನ್ಯುವೊ ಇಲ್ಲದಿದ್ದರೆ ಆಪೆರಾ ಇಲ್ಲ. ಬಾಖನ ಕಾಲದವರೆಗೂ ಇದೇ ತಳಹದಿ. 'ಬರೋಕ್' ಎಂಬುದಕ್ಕಿಂತ 'ಮಂದ್ರಪಂಕ್ತಿಯ ಯುಗ' ಎಂಬ ಹೆಸರೇ ಉಚಿತವೆಂದು ಜರ್ಮನ್ ವಿದ್ವಾಂಸ ರೀಮಾನ್ ಬಗೆದದ್ದು ಸರಿಯಾಗಿಯೇ ಇದೆ.

ಮಾಂಟೆವೆರ್ಡಿ 1607ರಲ್ಲಿ 'ಓರ್ಫೆಯೊ' ಆಪೆರಾವನ್ನು ರಚಿಸಿದ. 1613ರಲ್ಲಿ ವೆನಿಸಿನ ಸಂತ ಮಾರ್ಕನ ದೇವಾಲಯದ ಸಂಗೀತ ನಿರ್ದೇಶಕನಾದ. ಮಾತು ಕೊಟ್ಟ ಗ್ರಂಥ ಮಾತ್ರ ಬರಲಿಲ್ಲ. 1633ರಲ್ಲಿ, ಅರುವತ್ತಾರರ ವೃದ್ಧ, ಒಂದು ಕಾಗದದಲ್ಲಿ ಅದನ್ನು ಬರೆಯುತ್ತಲೇ ಇರುವುದಾಗಿ ತಿಳಿಸಿದ. ಆರ್ಟೂಸಿ ಕೊನೆಗೆ ಲೇಖನಿಯನ್ನು ತಿರುಗಿಸಿ ತನ್ನನ್ನು ಹೊಗಳತೊಡಗಿದನೆಂದೂ ಅದರಲ್ಲಿದೆ. ಗ್ರಂಥಕ್ಕೆ ಈಗ 'ಮೆಲೊಡಿಯ' ಎಂಬ ಹೊಸ ಹೆಸರು; ಮೂರು ಭಾಗಗಳು. ಮೂರನೆಯದು ಲಯ, ಎರಡನೆಯದು ಸ್ವರಮೇಳ, ಮೊದಲನೆಯದು ಸಾಹಿತ್ಯ. 1643ರಲ್ಲಿ ಆತ ತೀರಿಕೊಂಡಾಗ ಅದರ ಒಂದು ಭಾಗವೂ ಅಚ್ಚಾಗಿರಲಿಲ್ಲ.