ಹೆಸರು ಮರೆಯಾದರೆ ಲೆಕ್ಕವೂ ಮರೆ

1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಗ್ರಾಮದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರ್ಕಾರಿ ಕಾಮಗಾರಿಗಳ ದಾಖಲೆಗಳನ್ನು ಬಹಿರಂಗ ಸಭೆಯಲ್ಲಿ ಓದಿ ಹೇಳಿದರು. ಅಂತಹ ಸಭೆಗಳಲ್ಲಿ, ಕೆಲಸಕ್ಕೆ ಬಾರದವರ ಹೆಸರಿನಲ್ಲೂ ಕೂಲಿ ಬರೆದಿದ್ದ ವಂಚನೆ ಬಯಲಾಯಿತು. ಕೂಲಿಕಾರರ ಈ ಹೋರಾಟವೇ 2005ರ ಮಾಹಿತಿ ಹಕ್ಕು ಕಾಯ್ದೆಗೆ ಬುನಾದಿಯಾಯಿತು. ಕರ್ನಾಟಕವಂತೂ 2000ದಲ್ಲಿಯೇ ತನ್ನದೊಂದು ಕಾಯ್ದೆಯನ್ನು ರೂಪಿಸಿತ್ತು.

ಅಂದು ಸತ್ಯವನ್ನು ಹೊರಗೆಡವಿದ್ದು ಹಾಜರಿ ಪಟ್ಟಿಯ ಹೆಸರುಗಳೇ ಎಂಬುದನ್ನು ನಾವು ಮರೆಯಲಾಗದು. ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ಮೂಲ ಕಾಯ್ದೆಯು ವಿನಾಯಿತಿ ನೀಡಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಈ ಷರತ್ತುಗಳನ್ನು ತೆಗೆದುಹಾಕಿ, ‘ವೈಯಕ್ತಿಕ ಮಾಹಿತಿ’ ಎಂಬಷ್ಟನ್ನೇ ಉಳಿಸಿತು.

ಖಾಸಗಿತನವು ಮಾನವ ಘನತೆಯ ಅಂಗವೆಂಬುದರಲ್ಲಿ ಎರಡು ಮಾತಿಲ್ಲ. ಒಬ್ಬನ ಕಾಯಿಲೆ, ಕುಟುಂಬದ ಕಷ್ಟ ಅವನಿಗೇ ಸೇರಿದ್ದು. ಆದರೆ ಅವನ ಹೆಸರಿನಲ್ಲಿ ಖರ್ಚಾದ ಬೊಕ್ಕಸದ ಹಣ ಎಲ್ಲರದು. ಈ ವಿವೇಚನೆ ಅಳಿಸಿಹೋದರೆ ದುರ್ಬಲನಿಗೆ ಹೊದಿಸಬೇಕಾದ ಹೊದಿಕೆಯೊಳಗೆ ಬಲಿಷ್ಠನು ಅಡಗಿಕೊಳ್ಳುತ್ತಾನೆ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಹಾನಿಗಿಂತ ಸಾರ್ವಜನಿಕ ಹಿತ ಮಿಗಿಲಾದಾಗ ಮಾಹಿತಿ ನೀಡಬಹುದೆಂಬ 8(2)ನೇ ಪ್ರಕರಣ ಹಾಗೆಯೇ ಉಳಿದಿದೆ. ಅರ್ಜಿಗೆ ಕಾರಣ ಹೇಳಬೇಕಾಗಿಲ್ಲವೆಂಬುದು ನಿಜ. ಆದರೆ ‘ವೈಯಕ್ತಿಕ’ವೆಂದು ನಿರಾಕರಿಸಿದಲ್ಲಿ, 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ, ಆ ಹಿತವೇನೆಂಬುದನ್ನು ಸ್ಪಷ್ಟವಾಗಿ ಬರೆಯೋಣ. ಓದುಬರಹ ಬಲ್ಲವರು ಬಾರದವರಿಗೂ ಬರೆದುಕೊಡಲಿ. ಕೇಳುವವರಿಲ್ಲದ ಹಕ್ಕು ಕಾಗದದಲ್ಲೇ ಉಳಿದುಬಿಡುತ್ತದೆ.