ಚಿನ್ನದ ಗಣಿಯೂ ಅಧಿಕಾರದ ಎಲ್ಲೆಯೂ

ಸರ್ಕಾರದ ಅಧಿಕಾರಕ್ಕೆ ಎಲ್ಲೆ ಯಾವುದು ಎಂಬ ಪ್ರಶ್ನೆ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ಗೃಹಸ್ಥರ ಪೆಟ್ಟಿಗೆಯಲ್ಲಿರುವ ಒಡವೆಗೂ ಅದು ಸಂಬಂಧಿಸಿದೆ. ದುಡಿದು ಗಳಿಸಿದ್ದರ ಮೇಲೆ ದುಡಿದವನಿಗೇ ಹಕ್ಕು, ಪರರಿಗೆ ಕೇಡಿಲ್ಲದ ವ್ಯವಹಾರದಲ್ಲಿ ಸರ್ಕಾರ ಕೈಹಾಕಬಾರದು ಎನ್ನುವ ವಿಚಾರಧಾರೆಯೊಂದುಂಟು. 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದ ರಾಜಾಜಿಯವರು ‘ಲೈಸೆನ್ಸ್-ಪರ್ಮಿಟ್ ರಾಜ್ಯ’ವನ್ನು ಖಂಡಿಸಿದ್ದು ಈ ನೆಲೆಯಿಂದಲೇ. ಇದನ್ನು ಒರೆಹಚ್ಚಿ ನೋಡಲು ಕೋಲಾರದ ಚಿನ್ನದ ಗಣಿಗಿಂತ ತಕ್ಕ ಒರೆಗಲ್ಲು ನಮ್ಮ ನಾಡಿನಲ್ಲಿಲ್ಲ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಈ ಗಣಿಗಳು ಬೆಳೆದವು. ಖಾಸಗಿ ಬಂಡವಾಳ ಮತ್ತು ಸಾಹಸಗಳ ಫಲವಿದು ಎಂಬುದು ನಿಜ. ಆದರೆ ಕಂಪನಿಯೊಂದೇ ಎಲ್ಲವನ್ನೂ ಸಾಧಿಸಲಿಲ್ಲ. ಬಂಗಾರಪೇಟೆಯಿಂದ ಗಣಿಗೆ ರೈಲುಮಾರ್ಗ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಮೈಸೂರು ಸರ್ಕಾರವೇ ಇಲ್ಲಿಗೆ ಹರಿಸಿತು.

ದುಡಿಯುವವನ ಸ್ವಾತಂತ್ರ್ಯ ಹೇಗಿತ್ತು? ಕೆಲಸವೂ ಕಂಪನಿಯದು, ವಾಸದ ಲೈನುಗಳೂ ಕಂಪನಿಯವು. 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ಪಡೆದು ದಾಖಲಿಸುವ ವ್ಯವಸ್ಥೆ ಬಂದಾಗ ಅವರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ತಮ್ಮನ್ನು ಕಳ್ಳರಂತೆ ಕಾಣುವುದನ್ನು ಅವರು ಸಹಿಸಲಿಲ್ಲ. ವ್ಯಕ್ತಿಸ್ವಾತಂತ್ರ್ಯದ ಗ್ರಂಥಗಳನ್ನು ಓದದವರು ಅದರ ತಿರುಳನ್ನು ಅರಿತಿದ್ದರೆಂದು ನಾವು ಗೌರವದಿಂದ ನೆನೆಯುತ್ತೇವೆ.

1956ರಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಕೈಸೇರಿದವು. ಅದೇ ವರ್ಷ ಚೀನಾ ಯುದ್ಧ ನಡೆಯಿತು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಜಾರಿಗೆ ಬಂದು, 14 ಕ್ಯಾರಟ್‌ಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವುದು ನಿಷಿದ್ಧವಾಯಿತು. ವಿದೇಶಿ ವಿನಿಮಯವನ್ನು ಉಳಿಸಬೇಕು, ಕಳ್ಳಸಾಗಣೆಯನ್ನು ತಡೆಯಬೇಕು ಎಂಬುದು ಉದ್ದೇಶ. ಉದ್ದೇಶದಲ್ಲಿ ದೋಷವಿರಲಿಲ್ಲ. ಆದರೆ ಪರಿಣಾಮವನ್ನು ನೋಡಿರಿ: ಗಣಿಯಲ್ಲಿ ಸರ್ಕಾರವೇ ಚಿನ್ನ ತೆಗೆಯುತ್ತಿದ್ದಾಗ, ಕೆಲವೇ ಮೈಲಿ ದೂರದ ಬಂಗಾರಪೇಟೆಯ ತಾಯಿಯೊಬ್ಬಳು ಮಗಳಿಗೆ 22 ಕ್ಯಾರಟ್‌ನ ಹೊಸ ತಾಳಿ ಮಾಡಿಸುವುದು ಕಾನೂನಿಗೆ ವಿರುದ್ಧವಾಗಿತ್ತು! ತಲೆಮಾರುಗಳ ಕಾಯಕವನ್ನು ನಂಬಿದ್ದ ಅಕ್ಕಸಾಲಿಗರ ಒಲೆಗಳು ಆರಿದವು. 1966ರಲ್ಲಿ ಆ ನಿಷೇಧ ಸಡಿಲವಾಯಿತಾದರೂ, 1968ರ ಕಾಯಿದೆ ಖಾಸಗಿಯವರು ಚಿನ್ನದ ಗಟ್ಟಿ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಚಿನ್ನದ ಮೋಹ ಕುಗ್ಗಲಿಲ್ಲ, ಕಳ್ಳಸಾಗಣೆ ನಿಲ್ಲಲಿಲ್ಲ. 1990ರಲ್ಲಿ ಕಾಯಿದೆಯೇ ರದ್ದಾಯಿತು.

ಇಷ್ಟರಿಂದ ಮಾರುಕಟ್ಟೆಯ ವಾದವೇ ಸಂಪೂರ್ಣವಾಗಿ ಗೆದ್ದಿತೆನ್ನಲಾಗದು. ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ಅದಿರಿನಲ್ಲಿ ಚಿನ್ನ ಕಡಿಮೆಯಾಗಿ, ವೆಚ್ಚವೇ ಹೆಚ್ಚಾಯಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಲೆಕ್ಕದ ಪುಸ್ತಕ ಅದನ್ನು ಒಪ್ಪಬಹುದು. ಆದರೆ ಒಂದೇ ಗಣಿಯನ್ನು ನಂಬಿದ್ದ ಊರಿನವನಿಗೆ ‘ಬೇರೆ ಕೆಲಸ ಆರಿಸಿಕೋ’ ಎನ್ನುವ ಸ್ವಾತಂತ್ರ್ಯದಿಂದ ಏನು ಪ್ರಯೋಜನ? ಇಂದಿಗೂ ಅಲ್ಲಿಯ ಅನೇಕರು ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ಸೈನೈಡ್ ದಿಬ್ಬಗಳ ಧೂಳು ಊರಿಗೇ ಉಳಿದಿದೆ. ಪರರಿಗೆ ಕೇಡು ಮಾಡದಿರುವುದೇ ಸ್ವಾತಂತ್ರ್ಯದ ಎಲ್ಲೆಯೆಂದಾದರೆ, ಈ ಧೂಳಿಗೆ ಹೊಣೆಗಾರರು ಯಾರೆಂದೂ ಕೇಳಲೇಬೇಕು.

ಆದ್ದರಿಂದ ನಮ್ಮ ಅಭಿಪ್ರಾಯವಿಷ್ಟೆ: ಅಧಿಕಾರ ಸರ್ಕಾರದ ಕೈಯಲ್ಲಿರಲಿ, ಕಂಪನಿಯ ಕೈಯಲ್ಲಿರಲಿ, ಅದಕ್ಕೆ ಎಲ್ಲೆ ಬೇಕು. ರೈಲು, ವಿದ್ಯುತ್ತು, ನೀರುಗಳನ್ನು ಒದಗಿಸಿದ ಸರ್ಕಾರ ಜನರನ್ನು ಬೆಳೆಸಿತು. ತಾಳಿಯ ಕ್ಯಾರಟ್ಟನ್ನು ಎಣಿಸಿದ ಸರ್ಕಾರ ಪ್ರಾಮಾಣಿಕರನ್ನು ಅಪರಾಧಿಗಳನ್ನಾಗಿಸಿತು. ಹೊಸ ಕಾನೂನು ಬಂದಾಗಲೆಲ್ಲ ಅದರ ಉದ್ದೇಶವನ್ನಷ್ಟೇ ಹೊಗಳದೆ, ಯಾರ ಕಾಯಕಕ್ಕೆ ಅದು ತಡೆಯಾಗುತ್ತದೆ, ಅದರ ಭಾರವನ್ನು ಯಾರು ಹೊರುತ್ತಾರೆ ಎಂದು ಮನೆಮಂದಿಯೆಲ್ಲ ಕೂಡಿ ವಿಚಾರಿಸಬೇಕೆಂದು ಓದುಗ ಬಂಧುಗಳಲ್ಲಿ ನಾವು ವಿನಂತಿಸುತ್ತೇವೆ.