ಬಿರುಕು ಬಿಟ್ಟ ಕೆರೆಯ ಫೋಟೋ ಸಾಕು

2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರಕಾರ ಸಾರಿತು. ಆ ಸಲದ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ನಮ್ಮ ಲೆಕ್ಕದಲ್ಲಿ ಆಶ್ಲೇಷ, ಮಘೆ ಎರಡೂ ಕೈಕೊಟ್ಟವು. ರಾಗಿ ಪೈರು ಮೊಣಕಾಲೆತ್ತರದಲ್ಲೇ ಸುರುಟಿತು. ನಾನು ಓದುವ ಪೇಪರಿನಲ್ಲಿ ಇದಕ್ಕೆ ಒಳಪುಟದ ನಾಲ್ಕು ಸಾಲು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್ ಒಣಗಿ ಟ್ಯಾಂಕರ್ ಓಡಾಡಿದವು ನೋಡಿ, ಆಗ ಬರ ಮುಖಪುಟಕ್ಕೆ ಬಂತು!

ನಮ್ಮ ಕಡೆಗೆ ಯಾರೂ ಬರಲೇ ಇಲ್ಲ ಅಂತಲ್ಲ. ಒಬ್ಬ ಹುಡುಗ ಬೈಕಿನಲ್ಲಿ ಬಂದ. ಬಿರುಕು ಬಿಟ್ಟ ಕೆರೆಯಂಗಳದಲ್ಲಿ ನನ್ನ ಕೂರಿಸಿ, "ತಲೆ ಮೇಲೆ ಕೈ ಇಟ್ಕೊಳ್ಳಿ" ಅಂದ. ನಾನು ರಾಗಿ ಹೋದ ಹೊಲಕ್ಕೆ ಹುರುಳಿ ಚೆಲ್ಲೋಕೆ ಹೊರಟಿದ್ದೆ. ಅದನ್ನ ಅವನು ಕೇಳಲಿಲ್ಲ.

ಇನ್ನು 'ವಾಡಿಕೆ ಮಳೆ' ಅನ್ನೋ ಮಾತು. ತಿಂಗಳ ಮಳೆಯೆಲ್ಲ ಎರಡೇ ದಿನ ಸುರಿದು ಬದು ಕಿತ್ತುಕೊಂಡು ಹೋದರೂ ಲೆಕ್ಕಕ್ಕೆ ಅದು ವಾಡಿಕೆಯೇ. ಎಷ್ಟು ಮಿಲಿಮೀಟರ್ ಅನ್ನೋದರ ಜೊತೆಗೆ ಎಷ್ಟು ದಿನ ಬಂತು, ನಡುವೆ ಎಷ್ಟು ದಿನ ಬಿಡುವು ಕೊಟ್ಟಿತು ಅಂತ ಬರೆದರೆ ನಮ್ಮಂಥವರಿಗೆ ಉಪಯೋಗ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯ್ತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದ್ದಾರೆ. ಲೆಕ್ಕ ಇದೆ, ಬರೆಯೋರು ಬೇಕು.

ಹವಾಮಾನ ಬದಲಾವಣೆ ಅಂದರೆ ಎಲ್ಲೋ ಹಿಮ ಕರಗುವ ಸುದ್ದಿ ಮಾತ್ರವೇ? ಮಳೆ ಕೈಕೊಟ್ಟ ಮೇಲೆ ಯಾರು ಏನು ಬಿತ್ತಿದರು, ಎಷ್ಟು ಕೈಗೆ ಬಂತು, ದನಕ್ಕೆ ಮೇವು ಎಲ್ಲಿಂದ ತಂದರು, ಅದನ್ನ ಕೇಳಿ ಬರೀರಪ್ಪ. ಫೋಟೋ ಬೇಕಿದ್ದರೆ ಹುರುಳಿ ಹೊಲದಲ್ಲೇ ತೆಗೀರಿ.